ಗೇಣುದ್ದದ ಜೀಪು

ಹಳೆಯ ಗಾಡಿಗಳನ್ನು ಹೊಸದು ಮಾಡುವುದು ನನ್ನ ಹೊಟ್ಟೆಪಾಡು. ಹೊಸ ಗಾಡಿಗಳನ್ನು ಹಳೆಯದು ಮಾಡುವುದು ನನ್ನ ಹವ್ಯಾಸ. ಮೊದಲನೆಯದನ್ನು ಮೂವತ್ತೈದು ವರ್ಷ ಮಾಡಿ ಈಗ ಸಾಕಾಗಿದೆ. ಎರಡನೆಯದೂ ಸಾಕಾಗುತ್ತ ಬಂದಿದೆ, ಆದರೆ ಅದನ್ನು ಬಿಟ್ಟರೆ ಭಾನುವಾರ ಏನು ಮಾಡಬೇಕೆಂದು ತಿಳಿಯದೆ ಮುಂದುವರಿಸಿಕೊಂಡು ಹೋಗುತ್ತಿದ್ದೇನೆ.

ಶಿರಸಿಯಿಂದ ಯಲ್ಲಾಪುರದ ಕಡೆ ಹೊರಳುವ ರಸ್ತೆಯ ಬದಿಯಲ್ಲಿ ನನ್ನದೊಂದು ಪೇಂಟಿಂಗ್ ಶೆಡ್ಡು. ಗುದ್ದಿಕೊಂಡು ಬಂದ ಕಾರು, ತುಕ್ಕು ಹಿಡಿದ ಪಿಕಪ್ಪು, ಮದುವೆಗೆ ಮುಂಚೆ ಬಣ್ಣ ಬದಲಿಸಬೇಕೆನ್ನುವವರ ಬೈಕು, ಎಲ್ಲ ಬರುತ್ತವೆ. ಬಡಿದು ಸರಿಮಾಡಿ, ಪುಟ್ಟಿ ಮೆತ್ತಿ, ನೀರು ಹಾಕಿ ವಾಟರ್ ಪೇಪರಿನಲ್ಲಿ ತಿಕ್ಕಿ, ಪ್ರೈಮರ್ ಹೊಡೆದು, ಬಣ್ಣ ಹೊಡೆಯುವುದು. ಗಾಡಿಯ ಮೇಲೆ ಏನೇನು ನಡೆದಿದೆಯೋ ಅದೊಂದೂ ಕಾಣದ ಹಾಗೆ ಮಾಡಿದರೆ ಒಳ್ಳೆಯ ಪೇಂಟರ್ ಎನ್ನುತ್ತಾರೆ. ನಾನು ಒಳ್ಳೆಯ ಪೇಂಟರ್. ಅದಕ್ಕೆ ಬಂದ ಬಹುಮಾನ ಕೆಮ್ಮು, ನೆಟ್ಟಗಾಗದ ಸೊಂಟ, ಮತ್ತು ಊಟಕ್ಕೆ ಕುಳಿತಾಗಲೂ ಮೂಗಿನಲ್ಲಿ ಉಳಿಯುವ ತಿನ್ನರಿನ ವಾಸನೆ. ಇನ್ನು ಸ್ಪ್ರೇ ಹೊಡೆಯುವುದು ಬಿಡಿ ಎಂದು ಡಾಕ್ಟರರು ಎರಡು ಸಲ ಹೇಳಿದ್ದಾರೆ. ಬಿಟ್ಟು ಏನು ಮಾಡಲಿ ಎಂದು ಕೇಳಿದರೆ ಕೆಮ್ಮಿನ ಔಷಧಿ ಬರೆದುಕೊಟ್ಟರು.

ಪುಟ್ಟ ಗಾಡಿಗಳ ಹುಚ್ಚು ಹಿಡಿದದ್ದು ಅಂಗಡಿಯ ಕೆಲಸದಿಂದಲೇ. ಬಣ್ಣದ ಕಾರ್ಡು ತೋರಿಸಿದರೆ ಗಿರಾಕಿಗಳಿಗೆ ಏನೂ ಅರ್ಥವಾಗುವುದಿಲ್ಲ. ಕಾರ್ಡಿನ ಚೌಕದಲ್ಲಿ ಕಂಡ ಕೆಂಪು ಬಣ್ಣ ಗಾಡಿಯ ಮೇಲೆ ಬಂದಾಗ, "ಇದಲ್ಲ ನಾ ಹೇಳಿದ್ದು" ಎಂದು ಜಗಳಕ್ಕೆ ನಿಲ್ಲುತ್ತಾರೆ. ಬೇಸತ್ತು ಪೇಟೆಯಿಂದ ಒಂದಿಷ್ಟು ಆಟಿಕೆ ಕಾರು ತಂದು, ಉಳಿದ ಬಣ್ಣವನ್ನು ಅವಕ್ಕೆ ಹೊಡೆದು ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಜಗಳ ಕಡಿಮೆಯಾಯಿತು. ಆದರೆ ಆ ಕಾರುಗಳನ್ನು ದಿನಾ ನೋಡಿ ನೋಡಿ ನನಗೇ ಕಿರಿಕಿರಿ ಶುರುವಾಯಿತು. ಯಾವ ಗಾಡಿ ಹಾಗೆ ಹೊಳೆಯುತ್ತದೆ? ನಮ್ಮ ರಸ್ತೆಯಲ್ಲಿ ಒಂದು ತಿಂಗಳು ಓಡಿದ ಗಾಡಿಯ ಮಡ್‌ಗಾರ್ಡಿನ ಒಳಗೆ ಕೆಮ್ಮಣ್ಣು ಕಚ್ಚಿರುತ್ತದೆ, ಬಾಗಿಲಿನ ಹಿಡಿಕೆಯ ಸುತ್ತ ಉಗುರಿನ ಗೀರು ಇರುತ್ತದೆ, ಸೈಲೆನ್ಸರಿನ ಬಾಯಿ ಕಪ್ಪಾಗಿರುತ್ತದೆ. ಒಂದು ಭಾನುವಾರ ಸುಮ್ಮನೆ ಒಂದು ಕಾರಿಗೆ ಅಷ್ಟನ್ನೂ ಮಾಡಿ ನೋಡಿದೆ. ಬಂದವರೊಬ್ಬರು ಅದನ್ನೇ ಎತ್ತಿಕೊಂಡು, "ಇದು ನಮ್ಮ ಮಾವನ ಕಾರು ಕಂಡ ಹಾಂಗೇ ಆಗ್ತದಲ್ಲ" ಎಂದರು. ಅಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಅಂಥ ಮಾತು ಯಾರೂ ಆಡಿರಲಿಲ್ಲ.

ಆಮೇಲೆ ಆಟಿಕೆ ತರುವುದನ್ನು ಬಿಟ್ಟು ಪೂರ್ತಿ ನಾನೇ ಕಟ್ಟಲು ತೊಡಗಿದೆ. ಇಪ್ಪತ್ತನಾಲ್ಕಕ್ಕೆ ಒಂದರ ಅಳತೆ. ನಿಜವಾದ ಗಾಡಿಯಲ್ಲಿ ಎರಡು ಅಡಿ ಇದ್ದರೆ ನನ್ನದರಲ್ಲಿ ಒಂದು ಇಂಚು. ಮೈಗೆ ಎಣ್ಣೆ ಡಬ್ಬದ ತಗಡು, ಟೈರಿಗೆ ಸವೆದ ಹವಾಯಿ ಚಪ್ಪಲಿ, ಹುಡ್ಡಿಗೆ ಹಳೆಯ ಕೊಡೆಯ ಬಟ್ಟೆ. ಹೆಡ್‌ಲೈಟಿನ ಗಾಜಿಗೆ ಬಹಳ ದಿನ ಒದ್ದಾಡಿದೆ. ಕೊನೆಗೆ ನನ್ನ ಬಿಪಿ ಗುಳಿಗೆಯ ಪಟ್ಟಿಯಲ್ಲೇ ಅದು ಸಿಕ್ಕಿತು. ಗುಳಿಗೆ ನುಂಗಿದ ಮೇಲೆ ಉಳಿಯುವ ಪಾರದರ್ಶಕ ಗುಳ್ಳೆಯನ್ನು ಕತ್ತರಿಸಿ ಅಂಟಿಸಿದರೆ ಸಾಕು. ಎರಡು ದಿನ ಗುಳಿಗೆ ತೆಗೆದುಕೊಂಡರೆ ಒಂದು ಗಾಡಿಯ ದೀಪ ಮುಗಿಯುತ್ತದೆ.

ನೋಡಿದವರು ಕೇಳುವುದು ಒಂದೇ ಪ್ರಶ್ನೆ, "ಇದು ಎಂತಕ್ಕೆ?" ಮಾರುವುದಕ್ಕಲ್ಲ ಎಂದರೆ ಮತ್ತೊಮ್ಮೆ, "ಹಂಗಾರೆ ಎಂತಕ್ಕೆ?" ಮೊದಮೊದಲು ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ, ಸುಳ್ಳಲ್ಲ. ಈಗ ಅಷ್ಟು ಶಕ್ತಿಯೂ ಇಲ್ಲ. "ಸುಮ್ನೆ" ಎಂದು ಹೇಳಿ ಕೆಲಸ ನೋಡಿಕೊಳ್ಳುತ್ತೇನೆ.

ಆದರೆ ಒಂದು ಜೀಪನ್ನು ಮಾತ್ರ ಸುಮ್ಮನೆ ಕಟ್ಟಲಿಲ್ಲ. ಅದು ನನ್ನ ಅಣ್ಣನ ಜೀಪು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಊರಲ್ಲೇ ಉಳಿದವನು. ನಮ್ಮೂರು ಸಿದ್ದಾಪುರ ತಾಲೂಕಿನ ಮನ್ಮನೆ ಕಡೆ. ಗದ್ದೆ ಕೆಲಸದ ನಡುವೆ ಅವನು ಒಂದು ಡೀಸೆಲ್ ಜೀಪು ಇಟ್ಟುಕೊಂಡು ಸಿದ್ದಾಪುರಕ್ಕೆ ಜನರನ್ನು ಒಯ್ದು ತರುತ್ತಿದ್ದ. ಮುಂದಿನ ಸೀಟಿನಲ್ಲಿ, ಎಡಬದಿಗೆ, ಅವ್ವ. ಸಂತೆಯ ದಿನ ಆ ಜಾಗ ಬೇರೆಯವರಿಗಿಲ್ಲ. ಎಂಥ ದೊಡ್ಡ ಮನುಷ್ಯ ಬಂದರೂ ಹಿಂದೆ ಹೋಗಿ ಮಂಡಿಗೆ ಮಂಡಿ ತಾಗಿಸಿ ಕೂರಬೇಕು.

ಅವ್ವ ಶಾಲೆಗೆ ಹೋದವಳಲ್ಲ. ಅವಳಿಗೆ ಐವತ್ತರ ಹತ್ತಿರ ಆದಾಗ ಊರಿನಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವ ತರಗತಿ ಬಂತು. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ, ಸೀರೆ ಬದಲಿಸಿ, ಮೊಮ್ಮಗಳ ಪಾಟಿ ಹಿಡಿದುಕೊಂಡು ಹೋಗುತ್ತಿದ್ದಳು. ಒಂದು ಮಳೆಗಾಲ ಪೂರ್ತಿ ಹೋಗಿ ಕಲಿತದ್ದು ತನ್ನ ಹೆಸರು, ನಾಲ್ಕು ಅಕ್ಷರ. ಅದರಲ್ಲೂ ಒಂದು ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಳ್ಳುತ್ತಿತ್ತು. ಕಲಿಸುವವರು ಎಷ್ಟು ತಿದ್ದಿದರೂ ಅವಳ ಕೈ ಅದೇ ಕಡೆ ಹೋಗುತ್ತಿತ್ತು. "ಅದು ಹಂಗೇ ಬರೂದು ನಂಗೆ" ಎಂದು ಬಿಟ್ಟುಬಿಟ್ಟಳು. ಪಾಟಿಯ ಮೇಲೆ ಬರೆದದ್ದು ಆಗಲೇ ಒರೆಸಿ ಹೋಗುತ್ತಿತ್ತು. ಇನ್ನು ಕಾಗದದ ಮೇಲೆ ಅವಳು ಎಂದೂ ಸಹಿ ಮಾಡಲಿಲ್ಲ. ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ ಎಲ್ಲ ಹೆಬ್ಬೆಟ್ಟನ್ನೇ ಮುಂದೆ ಮಾಡುತ್ತಿದ್ದಳು. ತಿರುಗಿದ ಅಕ್ಷರ ನೋಡಿ ಸಾಹೇಬರು ಏನಾದರೂ ತಕರಾರು ತೆಗೆದರೆ ಪಿಂಚಣಿ ನಿಲ್ಲುತ್ತದೆ ಎಂಬ ಹೆದರಿಕೆ ಅವಳಿಗೆ.

ಅವಳು ಧೈರ್ಯ ಮಾಡಿ ಬರೆದದ್ದು ಒಂದೇ ಕಡೆ. ಸಿದ್ದಾಪುರದಲ್ಲಿ ಜೀಪು ತುಂಬುವ ತನಕ ಕಾಯಬೇಕಲ್ಲ, ಹಾಗೆ ಕಾಯುತ್ತ ಕುಳಿತಾಗ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ತನ್ನೆದುರಿನ ಡ್ಯಾಶ್‌ಬೋರ್ಡಿನ ತಗಡಿನ ಮೇಲೆ ಹೆಸರು ಗೀರಿದ್ದಳು. ಒಂದೊಂದು ಅಕ್ಷರ ಹೆಬ್ಬೆರಳ ಉಗುರಿನಷ್ಟು. ಅಣ್ಣ ನೋಡಿ ನಕ್ಕನಂತೆ. "ಗಾಡಿ ನಿಂದೇ ಆತಲ್ಲೇ ಅವ್ವ" ಎಂದನಂತೆ.

ವರ್ಷಗಳು ಹೋದವು. ಜೀಪು ಹಳತಾಯಿತು. ಆರ್‌ಟಿಒ ಆಫೀಸಿನಲ್ಲಿ ಎಫ್‌ಸಿ ಮಾಡಿಸಬೇಕು, ಬಣ್ಣ ಹೊಡೆಸದಿದ್ದರೆ ಪಾಸು ಮಾಡುವುದಿಲ್ಲ ಎಂದು ಅಣ್ಣ ಗಾಡಿಯನ್ನು ನನ್ನ ಶೆಡ್ಡಿಗೆ ತಂದು ಬಿಟ್ಟು ಬಸ್ಸಿನಲ್ಲಿ ಊರಿಗೆ ಹೋದ. ಎಫ್‌ಸಿಗೆ ಹೊರಮೈ ಚೆನ್ನಾಗಿದ್ದರೆ ಸಾಕು. ಒಳಗೆ ಹೊಡೆ ಎಂದು ಅವನೂ ಹೇಳಿರಲಿಲ್ಲ. ಅಣ್ಣನ ಗಾಡಿ, ಒಳಗೂ ಹೊಸದರ ಹಾಗೆ ಮಾಡಿಕೊಡೋಣ ಎಂದು ನನಗೇ ಅನ್ನಿಸಿತು. ಡ್ಯಾಶ್‌ಬೋರ್ಡಿನ ಮೇಲೆ ಅಕ್ಷರ ಕಂಡಿತು. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಅವ್ವನದೆಂದೂ ಗೊತ್ತಿತ್ತು. ಆ ವಾರ ಶೆಡ್ಡಿನಲ್ಲಿ ಮತ್ತೂ ಮೂರು ಗಾಡಿ ಇದ್ದವು, ನಾನು ನಿಂತಲ್ಲೇ ಓಲಾಡುವಷ್ಟು ದಣಿದಿದ್ದೆ. ಬೇಕಾದರೆ ಅವ್ವ ಇನ್ನೊಮ್ಮೆ ಬರೆಯುತ್ತಾಳೆ ಎಂದುಕೊಂಡೆ. ಅವಳು ಆಗ ಗಟ್ಟಿಮುಟ್ಟಾಗಿ ಇದ್ದಳು. ವಾಟರ್ ಪೇಪರ್ ಹಾಕಿ ತಗಡು ಬೆಳ್ಳಗೆ ಕಾಣುವ ತನಕ ತಿಕ್ಕಿದೆ. ಉಳಿದ ಗೀರಿಗೆ ಪುಟ್ಟಿ ತುಂಬಿ ಮತ್ತೆ ತಿಕ್ಕಿದೆ. ಕೆಲಸ ಅಚ್ಚುಕಟ್ಟಾಗಿತ್ತು.

ಅಣ್ಣ ಬಂದು ಬಾಗಿಲು ತೆಗೆದು ಒಳಗೆ ನೋಡಿದ. ಬಹಳ ಹೊತ್ತು ಬಗ್ಗಿಯೇ ನಿಂತಿದ್ದ.

"ಅವ್ವ ಬರ್ದಿದ್ದು ಎಂತ ಮಾಡ್ದೆ?" ಎಂದು ಕೇಳಿದ.

"ಗೀರು ಬಿದ್ದಿತ್ತಲಾ, ಚೊಕ್ಕ ಮಾಡ್ದೆ ಅಷ್ಟೇ" ಎಂದೆ.

ಅವನು ಗಾಡಿ ತೆಗೆದುಕೊಂಡು ಹೋದ. ಅವ್ವ ಇನ್ನೊಮ್ಮೆ ಬರೆಯಲಿಲ್ಲ. ಹೊಸ ಬಣ್ಣ ಹಾಳು ಮಾಡಬಾರದು ಎಂದಳಂತೆ. ಮುಂದಿನ ವರ್ಷ ಅವಳ ಕೈ ನಡುಗಲು ಶುರುವಾಯಿತು, ಲೋಟ ಹಿಡಿಯುವುದೂ ಕಷ್ಟವಾಯಿತು. ಅದರ ಮುಂದಿನ ವರ್ಷ ಹೋಗಿಬಿಟ್ಟಳು.

ಹದಿಮೂರನೆಯ ದಿನದ ಊಟ ಮುಗಿದು ಎಲ್ಲರೂ ಹೊರಟ ಮೇಲೆ ಅಣ್ಣ ಒಂದೇ ಮಾತು ಹೇಳಿದ: "ಅವ್ವನ ಅಕ್ಷರ ಅಂತ ಅದೊಂದೇ ಇತ್ತು ತಮಾ." ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ನಂತರ ನಮ್ಮ ನಡುವೆ ಹೋಗಿಬರುವುದು ನಿಂತಿತೆಂದಲ್ಲ. ಮದುವೆಮುಂಜಿಗಳಲ್ಲಿ ಸಿಗುತ್ತಿದ್ದೆವು, ಆರೋಗ್ಯ ಕೇಳುತ್ತಿದ್ದೆವು. ಆದರೆ ಅವನು ನನ್ನ ಶೆಡ್ಡಿಗೆ ಕಾಲಿಡಲಿಲ್ಲ. ಮಗನ ಬೈಕಿಗೆ ಬಣ್ಣ ಹೊಡೆಸಬೇಕಾದಾಗ ಸಿದ್ದಾಪುರದಲ್ಲಿ ಬೇರೆ ಯಾರಲ್ಲೋ ಹೊಡೆಸಿದ. ಒಡಹುಟ್ಟಿದ ತಮ್ಮ ಪೇಂಟರ್ ಆಗಿರುವಾಗ ಅಣ್ಣ ಮತ್ತೊಬ್ಬರ ಹತ್ತಿರ ಹೋದರೆ ಅದು ಊರಿಗೆಲ್ಲ ಗೊತ್ತಾಗುತ್ತದೆ. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

ಜೀಪಿನ ಬಣ್ಣ ಕೆರೆದು ಒಳಗೇನಾದರೂ ಉಳಿದಿದೆಯೇ ನೋಡೋಣ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ನಾನು ತಿಕ್ಕಿದ್ದು ನನಗೆ ಗೊತ್ತಲ್ಲ. ಏನೂ ಉಳಿದಿರಲು ಸಾಧ್ಯವಿರಲಿಲ್ಲ. ಕೊನೆಗೆ ಜೀಪೂ ಗುಜರಿಗೆ ಹೋಯಿತು. ಆ ಸುದ್ದಿ ಕೇಳಿದ ವಾರವೇ ನಾನು ತಗಡು ಕತ್ತರಿಸಲು ಶುರು ಮಾಡಿದೆ. ಆ ಜೀಪನ್ನು, ಅವ್ವನ ಹೆಸರಿನ ಸಮೇತ, ಅಣ್ಣನ ಕೈಗೆ ವಾಪಸು ಕೊಡಬೇಕು. ಬೇರೆ ರೀತಿಯಲ್ಲಿ ತಪ್ಪಾಯಿತು ಎಂದು ಹೇಳುವುದು ನನಗೆ ಗೊತ್ತಿರಲಿಲ್ಲ.

ಎರಡು ವರ್ಷ ಹಿಡಿಯಿತು. ಭಾನುವಾರ ಮಧ್ಯಾಹ್ನ ಮಾತ್ರ ಕೆಲಸ, ಅದೂ ಕೆಮ್ಮು ಬಿಟ್ಟರೆ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡರೂ ಅರ್ಧ ತಾಸಿಗೆ ನೀರು ಸುರಿಯುತ್ತಿತ್ತು. ಮುಂದಿನ ಬಂಪರಿನ ಬಲಗಡೆ ಸೊಟ್ಟ, ಹಿಂದಿನ ಬಾಗಿಲಿಗೆ ಚಿಲಕದ ಬದಲು ಕಟ್ಟಿದ್ದ ತಂತಿ, ಡ್ರೈವರ್ ಸೀಟಿನ ಹರಿದ ರೆಕ್ಸಿನ್ನು, ಎಲ್ಲ ಮಾಡಿದೆ. ಮನ್ಮನೆ ರಸ್ತೆಯ ಮಣ್ಣನ್ನೇ ಚೀಲದಲ್ಲಿ ತಂದು, ವಸ್ತ್ರಗಾಳಿಸಿ, ತೆಳು ಗೋಂದಿನಲ್ಲಿ ಕಲೆಸಿ ಮಡ್‌ಗಾರ್ಡಿಗೆ, ಚಕ್ರಕ್ಕೆ ಹಚ್ಚಿದೆ. ಒಂದೇ ಸಲ ಹಚ್ಚಿದರೆ ಬಳಿದ ಹಾಗೆ ಕಾಣುತ್ತದೆ. ಒಣಗಿಸಿ, ಉದುರಿಸಿ, ಮತ್ತೆ ಹಚ್ಚಬೇಕು. ಹೀಗೆ ಅದಕ್ಕೇ ನಾಲ್ಕು ತಿಂಗಳು.

ಕೊನೆಗೆ ಉಳಿದದ್ದು ಡ್ಯಾಶ್‌ಬೋರ್ಡು. ನನ್ನ ಅಳತೆಯಲ್ಲಿ ಅವ್ವನ ಅಕ್ಷರ ಸಾಸಿವೆಗಿಂತ ಸಣ್ಣದು. ಹೊಲಿಗೆ ಸೂಜಿಯನ್ನು ಕಡ್ಡಿಗೆ ಸಿಕ್ಕಿಸಿ, ಚೂರು ತಗಡಿನ ಮೇಲೆ ಬರೆದು ಅಭ್ಯಾಸ ಮಾಡಿದೆ. ಕೈ ಕೂತಿತು. ಈಗ ಜೀಪಿನ ಮೇಲೆ ಬರೆಯೋಣ ಎಂದು ಸೂಜಿ ಹಿಡಿದಾಗ ನಾನು ಅಲ್ಲೇ ನಿಂತುಹೋದೆ. ನಾಲ್ಕರಲ್ಲಿ ತಿರುಗಿದ್ದ ಅಕ್ಷರ ಯಾವುದು?

ನೆನಪಿರಲಿಲ್ಲ. ಮೂಗು ತಾಗುವಷ್ಟು ಹತ್ತಿರದಿಂದ ನೋಡಿ ಅಳಿಸಿದವನು ನಾನು, ನನಗೇ ನೆನಪಿರಲಿಲ್ಲ. ನಾಲ್ಕು ಚೂರು ತಗಡಿನ ಮೇಲೆ ನಾಲ್ಕು ಬಗೆಯಲ್ಲಿ ಬರೆದು ಕಿಟಕಿಯ ಬಳಿ ಸಾಲಾಗಿ ಇಟ್ಟೆ. ಒಂದು ಭಾನುವಾರ ಎರಡನೆಯದು ಸರಿ ಅನ್ನಿಸುತ್ತಿತ್ತು, ಮುಂದಿನ ಭಾನುವಾರ ಮೂರನೆಯದು. ಎಲ್ಲ ಅಕ್ಷರ ಸರಿಯಾಗಿ ಬರೆದರೆ ಅದು ಅವ್ವನದಾಗುವುದಿಲ್ಲ. ಬೇರೆ ಅಕ್ಷರ ತಿರುಗಿಸಿದರೆ ಅವಳನ್ನು ಗೇಲಿ ಮಾಡಿದ ಹಾಗೆ. ಡ್ಯಾಶ್‌ಬೋರ್ಡನ್ನು ಖಾಲಿ ಬಿಟ್ಟು ಜೀಪನ್ನು ಮನೆಯ ಕಪಾಟಿನಲ್ಲಿ ಇಟ್ಟೆ. ಅಣ್ಣನನ್ನು ಕೇಳಿದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಸ್ಟೇರಿಂಗ್ ಹಿಡಿದವನು ಅವನು. ಆದರೆ ಅಳಿಸಿದವನೇ ಹೋಗಿ ಏನು ಬರೆದಿತ್ತು ಎಂದು ಕೇಳುವುದು ಹೇಗೆ? ಹೀಗೆ ತಿಂಗಳುಗಟ್ಟಲೆ ಹೋಯಿತು.

ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಕಂಪ್ರೆಸರ್ ಒರೆಸಿ, ಮಧ್ಯಾಹ್ನ ಮನೆಗೆ ಬಂದೆ. ಅಂಗಳದಲ್ಲಿ ಸ್ಕೂಟರು, ಕತ್ತಿ, ಗುದ್ದಲಿ, ಮಿಕ್ಸರು, ಹೊಲಿಗೆ ಮಷಿನ್ನು ಎಲ್ಲ ತೊಳೆದು, ಗಂಧ ಕುಂಕುಮ ಹಚ್ಚಿ, ಗೊಂಡೆ ಹೂ ಏರಿಸಿ ಸಾಲಾಗಿ ಇಟ್ಟಿದ್ದರು. ಸಾಲಿನ ಮೊದಲಿಗೆ ನನ್ನ ಜೀಪು. ನನ್ನ ಹೆಂಡತಿ ಅದನ್ನು ಅಂಟುವಾಳದ ನೊರೆಯಲ್ಲಿ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಲ್ಲಿ ಸಂದುಗೊಂದೆಲ್ಲ ತಿಕ್ಕಿ ತೊಳೆದಿದ್ದಳು. ನಾಲ್ಕು ತಿಂಗಳ ಮಣ್ಣು ಬಚ್ಚಲ ಮೋರಿಯಲ್ಲಿ ಹರಿದು ಹೋಗಿತ್ತು. ಜೀಪು ಷೋರೂಮಿನಿಂದ ಆಗ ತಾನೇ ಇಳಿದ ಹಾಗೆ ಹೊಳೆಯುತ್ತಿತ್ತು. ಟೈರಿನ ಕೆಳಗೆ ಎರಡು ನಿಂಬೆಹಣ್ಣು, ಅವೂ ಗಾಡಿಗೆ ತಕ್ಕಂತೆ ಸಣ್ಣವನ್ನೇ ಹುಡುಕಿ ತಂದದ್ದು.

ನಾನು ಬಾಯಿಗೆ ಬಂದದ್ದು ಅಂದೆ. ಅಕ್ಕಪಕ್ಕದವರಿಗೆ ಕೇಳಿರಬೇಕು. ಅವಳು ಕೈಯಲ್ಲಿ ಆರತಿ ತಟ್ಟೆ ಹಿಡಿದವಳು ಹಾಗೇ ನಿಂತಳು.

"ಗಾಡಿ ಅಂದ್ಮೇಲೆ ಪೂಜೆ ಆಗ್ಲೇಬೇಕಲ್ರೀ. ಭಾವನಿಗೆ ಕೊಡೂದು ಅಂತ ಬೇರೆ ಹೇಳಿದ್ರಿ" ಎಂದಳು. ಆಮೇಲೆ ಮೆಲ್ಲಗೆ, "ಮಣ್ಣು ಹಿಡ್ದಿತ್ತು, ಚೊಕ್ಕ ಮಾಡ್ದೆ ಅಷ್ಟೇ."

ಚೊಕ್ಕ ಮಾಡ್ದೆ ಅಷ್ಟೇ: ಅಣ್ಣನೆದುರು ನಾನು ಹೇಳಿದ ಮಾತೂ ಅದೇ, ಅಕ್ಷರ ಕೂಡ ಬದಲಾಗಿರಲಿಲ್ಲ. ಏನು ಅಳಿಸುತ್ತಿದ್ದೇನೆಂದು ಅವಳಿಗಾದರೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಮೆಟ್ಟಿಲ ಮೇಲೆ ಕುಳಿತೆ. ಸಿಟ್ಟು ಇಳಿದ ಮೇಲೆ ಉಳಿದದ್ದು ಬರೀ ಸುಸ್ತು. ಇನ್ನೊಮ್ಮೆ ನಾಲ್ಕು ತಿಂಗಳು ಮಣ್ಣು ಹಚ್ಚುವ ತ್ರಾಣ ನನ್ನಲ್ಲಿಲ್ಲ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಹೆಂಡತಿಗೆ "ಹೋಗ್ಲಿ, ಆರತಿ ಮಾಡು" ಎಂದೆ. ಅವಳು ಕಣ್ಣೊರೆಸಿಕೊಂಡು ಆರತಿ ಮಾಡಿದಳು.

ಮರುದಿನ ಜೀಪನ್ನು ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು, ಸೂಜಿಯನ್ನೂ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸ್ಕೂಟರಿನಲ್ಲಿ ಹೋಗಲು ಸೊಂಟ ಒಪ್ಪಲಿಲ್ಲ. ಅಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವನು ಜಾಹೀರಾತನ್ನೂ ಬಿಡದೆ ಓದುತ್ತಾನೆ. ಡಬ್ಬಿ ಬಿಚ್ಚಿ ಅವನ ಮುಂದಿಟ್ಟೆ.

ಅವನು ಕೈಗೆತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಹಿಂದಿನ ಬಾಗಿಲಿನ ತಂತಿ ನೋಡಿ ಅವನ ತುಟಿ ಸಡಿಲವಾಯಿತು. ಬಂಪರಿನ ಸೊಟ್ಟ ಭಾಗದ ಮೇಲೆ ಬೆರಳಿಟ್ಟು, "ಇದು ಆ ಹೊಂಡಕ್ಕೆ ಇಳ್ದಾಗ ಆದದ್ದು" ಎಂದ. ಗೇರ್ ಹಿಡಿಕೆಯ ಗುಂಡು ಕೆಂಪಲ್ಲ, ಕರಿಯದಿತ್ತು ಎಂದು ತಪ್ಪು ಹಿಡಿದ. ಹೌದು, ಅದು ನನ್ನ ತಪ್ಪು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಜೀಪನ್ನು ಬೆಳಕಿಗೆ ಹಿಡಿದು ಒಳಗೆ ಬಗ್ಗಿ ನೋಡಿದ.

"ಬರೀಲಿಲ್ಲನ?" ಎಂದ.

"ಇಲ್ಲ. ತಪ್ಪಾಗಿ ಬರ್ದ್ರೆ ಎರಡ್ನೇ ಸಲ ಅಳ್ಸಿದ ಹಂಗೆ. ಯಾವ ಅಕ್ಷರ ತಿರುಗಿತ್ತು ಹೇಳು, ಇಲ್ಲೇ ಕೂತು ಬರೀತೆ. ಸೂಜಿ ತಂದಿದ್ದೆ." ಜೇಬಿನಿಂದ ಸೂಜಿ ತೆಗೆದು ತೋರಿಸಿದೆ. "ನಂದೇ ತಪ್ಪು ಅಣ್ಣ. ಆ ದಿನ ನಾ ಅದನ್ನ ಮುಟ್ಟಬಾರ್ದಿತ್ತು."

ಅಣ್ಣ ಜೀಪನ್ನು ಮಡಿಲಲ್ಲಿ ಇಟ್ಟುಕೊಂಡ. ಪೇಪರನ್ನು ಮಡಿಸಿದ, ಮತ್ತೊಮ್ಮೆ ಮಡಿಸಿದ.

"ನಂಗೂ ಗೊತ್ತಿಲ್ಲ ತಮಾ" ಎಂದ.

ನಾನು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವನ ಮುಖವನ್ನೇ ನೋಡಿದೆ.

"ಇಪ್ಪತ್ತು ವರ್ಷ ಪಕ್ಕದಲ್ಲೇ ಇತ್ತು. ಒಂದು ದಿನವೂ ಸಮಾ ನೋಡಿರ್ಲಿಲ್ಲ. ಅವ್ವ ಹೋದ ಮೇಲೆ ನೆನಪು ಮಾಡ್ಕಂಬ ಅಂದ್ರೆ ಬರ್ಲೇ ಇಲ್ಲ." ಅವನ ಕಣ್ಣು ಅಂಗಳದ ಕಡೆ ಇತ್ತು. "ನೀ ತಿಕ್ಕೋವಾಗ ಹತ್ರ ನೋಡಿದ್ಯಲ, ನಿಂಗೆ ನೆನಪಿರ್ತದೆ ಅಂತ ಅಂದ್ಕಂಡಿದ್ದೆ. ಅದೊಂದು ಧೈರ್ಯ ಇತ್ತು. ಶೆಡ್ಡಿಗೆ ಬಂದ್ರೆ ಕೇಳಿಬಿಡ್ತೆ ಅಂತ ಹೆದ್ರಿ ಬರ್ಲಿಲ್ಲ. ಕೇಳಿ, ನಿಂಗೂ ಇಲ್ಲ ಅಂದ್ಬಿಟ್ರೆ?"

ಒಳಗಿನಿಂದ ಅತ್ತಿಗೆ ಚಹಾ ತಂದಿಟ್ಟು ಹೋದಳು. ನಾವಿಬ್ಬರೂ ಲೋಟ ಮುಟ್ಟಲಿಲ್ಲ. ಇಷ್ಟು ವರ್ಷ ಅವನು ನನ್ನ ಮೇಲಿನ ಸಿಟ್ಟಿಗೆ ದೂರವಿದ್ದಾನೆ ಎಂದುಕೊಂಡಿದ್ದೆ. ಸಿಟ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನಲ್ಲಿ ಅಕ್ಷರ ಉಳಿದಿದೆ ಎಂದು ಅವನು, ಅವನಲ್ಲಿ ಉಳಿದಿದೆ ಎಂದು ನಾನು, ಹೀಗೆ ಎರಡು ಊರಿನಲ್ಲಿ ಅವ್ವನನ್ನು ಇಟ್ಟುಕೊಂಡಿದ್ದೆವು. ಈಗ ಕೇಳಿದ್ದೂ ಆಗಿತ್ತು, ಅದು ಇಬ್ಬರಲ್ಲೂ ಇಲ್ಲ ಎಂದು ತಿಳಿದದ್ದೂ ಆಗಿತ್ತು.

ಅಣ್ಣ ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪೇಪರಿನ ಮಡಿಕೆಗೆ ಚುಚ್ಚಿಟ್ಟ.

"ಖಾಲಿನೇ ಇರ್ಲಿ" ಎಂದ. "ನಾವು ಬರೆಯೂದು ಬ್ಯಾಡ."